ಬ್ಯಾಕ್ ಬಿದ್ದ ಮೇಲೆ ಏನು ಮಾಡಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ರಿಸಲ್ಟ್ ಬಂದ ವಾರ ಎಂಜಿನಿಯರಿಂಗ್ ಮತ್ತು ಡಿಗ್ರಿ ವಿದ್ಯಾರ್ಥಿಗಳು ಕೇಳುವ ಪ್ರಶ್ನೆಗಳಿವು. ಬ್ಯಾಕ್ ಎಂದರೆ ಫೇಲಾಗಿ ಮತ್ತೆ ಬರೆಯಬೇಕಾದ ವಿಷಯ. ಅಂಕಗಳ ಲೆಕ್ಕ ಬಂದ ಕಡೆಯೆಲ್ಲ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ, ಅಂದರೆ ವಿಟಿಯುನ, 2022ರ ಸ್ಕೀಮನ್ನು, ಅಂದರೆ ಪಠ್ಯಕ್ರಮ ಮತ್ತು ಅಂಕಗಳ ನಿಯಮವನ್ನು, ಹಿಡಿದಿದ್ದೇವೆ. ಸ್ವಾಯತ್ತ ಕಾಲೇಜು ಅಥವಾ ಬೇರೆ ವಿಶ್ವವಿದ್ಯಾಲಯದವರು ಸಂಖ್ಯೆಗಳನ್ನು ತಮ್ಮ ನಿಯಮಕ್ಕೆ ಹೊಂದಿಸಿಕೊಳ್ಳಿ. ಓದುವ ಕ್ರಮ ಎಲ್ಲರಿಗೂ ಒಂದೇ.

ರಿಸಲ್ಟ್ ನೋಡಿದೆ, ಎರಡು ಸಬ್ಜೆಕ್ಟ್ ಹೋಗಿದೆ. ಮೊದಲು ಏನು ಮಾಡಲಿ?

ಎರಡು ಕೆಲಸ. ರೀವ್ಯಾಲ್ಯುಯೇಶನ್ (ಮರುಮೌಲ್ಯಮಾಪನ) ಮತ್ತು ಉತ್ತರ ಪತ್ರಿಕೆಯ ಜೆರಾಕ್ಸ್ ಪ್ರತಿಗೆ ಅರ್ಜಿ ಹಾಕಲು ಕೊನೆಯ ದಿನಾಂಕ ಯಾವುದೆಂದು ನೋಡಿ ಫೋನಿನಲ್ಲಿ ಅಲಾರಾಂ ಇಟ್ಟುಕೊಳ್ಳಿ. ಈ ಅವಧಿ ಚಿಕ್ಕದು. ಬೇಜಾರಿನಲ್ಲಿ ಮುಸುಕು ಹೊದ್ದು ಮಲಗಿದ್ದಾಗಲೇ ಅದು ಮುಗಿದುಹೋಗಿರುತ್ತದೆ.

ಎರಡನೆಯದು, ಫೇಲ್ ಆಗಿದ್ದು ಯಾವ ಬಾಗಿಲಲ್ಲಿ ಎಂದು ನೋಡುವುದು. ಇಂಟರ್ನಲ್ಸ್ (ಸೆಮಿಸ್ಟರ್ ನಡುವೆ ಕಾಲೇಜೇ ಕೊಡುವ ಅಂಕ) 50, ಎಕ್ಸ್‌ಟರ್ನಲ್ (ಸೆಮಿಸ್ಟರ್ ಕೊನೆಯ ಪರೀಕ್ಷೆ) 50. ಎಕ್ಸ್‌ಟರ್ನಲ್ ಪತ್ರಿಕೆ ನೂರು ಅಂಕಕ್ಕೆ ಇದ್ದು, ಬಂದದ್ದನ್ನು ಅರ್ಧಕ್ಕೆ ಇಳಿಸುತ್ತಾರೆ. ಇಂಟರ್ನಲ್ಸ್‌ನಲ್ಲಿ ಕನಿಷ್ಠ 20 ಬೇಕು, ಎಕ್ಸ್‌ಟರ್ನಲ್‌ನಲ್ಲಿ ಕನಿಷ್ಠ 18 ಬೇಕು, ಎರಡೂ ಸೇರಿ 40 ಆಗಬೇಕು. ಮೂರು ಬಾಗಿಲಲ್ಲಿ ಯಾವುದು ಮುಚ್ಚಿದರೂ ಪಾಸ್ ಇಲ್ಲ. ಇಂಟರ್ನಲ್ಸ್ 42, ಎಕ್ಸ್‌ಟರ್ನಲ್ 15 ಬಂದರೆ ಒಟ್ಟು 57 ಆದರೂ ಫೇಲ್. ಇಂಟರ್ನಲ್ಸ್ 20, ಎಕ್ಸ್‌ಟರ್ನಲ್ 18 ಬಂದವರಿಗೆ ಎರಡು ಕಡೆಯೂ ಪಾಸ್ ಅನ್ನಿಸುತ್ತದೆ, ಒಟ್ಟು ಮಾತ್ರ 38, ಅದೂ ಫೇಲ್. ಮೊದಲನೆಯವರ ತೊಂದರೆ ಮೂರು ಗಂಟೆಯ ಪರೀಕ್ಷೆಯದು. ಎರಡನೆಯವರದು ಸೆಮಿಸ್ಟರ್ ಉದ್ದಕ್ಕೂ ಸೋರಿದ್ದು. ಇಬ್ಬರಿಗೂ ಒಂದೇ ಔಷಧಿ ಕೊಟ್ಟರೆ ಒಬ್ಬರಿಗಂತೂ ನಾಟುವುದಿಲ್ಲ.

ರೀವ್ಯಾಲ್‌ಗೆ ಹಾಕಲಾ?

ಮೊದಲು ಜೆರಾಕ್ಸ್ ಪ್ರತಿ ತರಿಸಿ, ಆಮೇಲೆ ತೀರ್ಮಾನಿಸಿ. ಪತ್ರಿಕೆ ನೋಡದೆ ರೀವ್ಯಾಲ್‌ಗೆ ಹಾಕುವುದು ಲಾಟರಿ ಟಿಕೆಟ್ ಕೊಂಡ ಹಾಗೆ. ವಿಟಿಯುನಲ್ಲಿ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರ್ ಪರದೆಯ ಮೇಲೆ ಮೌಲ್ಯಮಾಪನ ಮಾಡುವುದರಿಂದ ಕೂಡುವ ತಪ್ಪುಗಳು ಅಪರೂಪ. ಹುಡುಕಬೇಕಾದ್ದು ಬೇರೆ: ಪೂರ್ತಿ ಬರೆದ ಉತ್ತರಕ್ಕೆ ಸೊನ್ನೆ ಬಿದ್ದಿದೆಯೇ, ಕೊನೆಯ ಪುಟಗಳಲ್ಲಿ ಮುಂದುವರಿಸಿದ ಭಾಗ ಕಣ್ಣು ತಪ್ಪಿದೆಯೇ, ಬೇರೆ ವಿಧಾನದಲ್ಲಿ ಸರಿಯಾಗಿ ಬಿಡಿಸಿದ್ದಕ್ಕೆ ಅಂಕ ಹೋಗಿದೆಯೇ. ಆ ವಿಷಯ ಪಾಠ ಮಾಡುವ ಮೇಷ್ಟ್ರಿಗೆ ತೋರಿಸಿ, "ಸರ್, ನೀವಾಗಿದ್ದರೆ ಎಷ್ಟು ಕೊಡುತ್ತಿದ್ದಿರಿ?" ಎಂದು ಕೇಳಿ. ನೂರಕ್ಕೆ ಐದಾರು ಅಂಕ ಕಡಿಮೆ ಬಿದ್ದು, ಮೇಷ್ಟ್ರೂ ಅಷ್ಟು ಬರಬೇಕಿತ್ತು ಎಂದರೆ ಹಾಕಿ. 20 ಅಂಕದ ಕೊರತೆಯನ್ನು ರೀವ್ಯಾಲ್ ತುಂಬಿಕೊಡುತ್ತದೆ ಎಂದು ಕಾಯಬೇಡಿ.

ಇಲ್ಲಿ ಬಹಳ ಜನ ಎಡವುವುದು ಇನ್ನೊಂದು ಕಡೆ. ರೀವ್ಯಾಲ್ ರಿಸಲ್ಟ್ ಬರಲಿ ಎಂದು ಪುಸ್ತಕ ಮುಟ್ಟುವುದಿಲ್ಲ. ಅದು ಬರುವಷ್ಟರಲ್ಲಿ ಮುಂದಿನ ಪರೀಕ್ಷೆ ಬಾಗಿಲಿಗೆ ಬಂದಿರುತ್ತದೆ. ಅರ್ಜಿ ಹಾಕಿದ ದಿನವೇ "ಬದಲಾಗುವುದಿಲ್ಲ" ಎಂದುಕೊಂಡು ಓದು ಶುರು ಮಾಡಿ, ಬ್ಯಾಕ್ ಪರೀಕ್ಷೆಗೂ ಹೆಸರು ನೋಂದಾಯಿಸಿ.

ಜೆರಾಕ್ಸ್ ಪ್ರತಿ ಕೊಡುವುದಿಲ್ಲ ಎಂದರೆ?

ಪರೀಕ್ಷೆ ಬರೆದವರು ತಮ್ಮ ಮೌಲ್ಯಮಾಪನವಾದ ಪತ್ರಿಕೆಯನ್ನು ಮಾಹಿತಿ ಹಕ್ಕು ಕಾಯ್ದೆಯಡಿ ನೋಡಬಹುದು, ಪ್ರತಿ ಪಡೆಯಬಹುದು ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸಿಬಿಎಸ್‌ಇ ಪ್ರಕರಣದಲ್ಲಿ ಹೇಳಿದೆ. ಅರ್ಜಿ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ ಕಾಲಾವಕಾಶ. ಅಷ್ಟರಲ್ಲಿ ರೀವ್ಯಾಲ್ ಗಡುವು ಮುಗಿದಿರಬಹುದು. ಹಾಗಾಗಿ ವಿಶ್ವವಿದ್ಯಾಲಯದ್ದೇ ಜೆರಾಕ್ಸ್ ವ್ಯವಸ್ಥೆ ಇದ್ದರೆ ಅದೇ ಬೇಗ. ಮಾಹಿತಿ ಹಕ್ಕಿನ ದಾರಿ ಕಲಿಯುವುದಕ್ಕೆ ಉಪಯೋಗ, ಅಂಕ ಹೆಚ್ಚಿಸಿಕೊಳ್ಳುವುದಕ್ಕೆ ಅಷ್ಟಾಗಿ ಅಲ್ಲ.

ಉತ್ತರ ಪತ್ರಿಕೆ ಕೈಗೆ ಬಂತು. ಅದನ್ನು ಓದುವುದು ಹೇಗೆ?

ಇಡೀ ಪುಟದಲ್ಲಿ ಒಂದೇ ಒಂದು ಉತ್ತರ ಓದುವಷ್ಟು ತಾಳ್ಮೆ ಇದ್ದರೆ ಇದನ್ನು ಓದಿ.

ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಎಳೆಯಿರಿ: ಪ್ರಶ್ನೆ ಸಂಖ್ಯೆ, ಇದ್ದ ಅಂಕ, ಬಂದ ಅಂಕ, ಹೋದದ್ದು ಯಾಕೆ. ಕೊನೆಯ ಕಾಲಂನಲ್ಲಿ "ಸರಿಯಾಗಿ ಓದಿರಲಿಲ್ಲ" ಎಂದು ಬರೆಯಲು ಬಿಡಬೇಡಿ. ಅದು ಎಲ್ಲಕ್ಕೂ ಹೊಂದುವ ಉತ್ತರ, ಆದ್ದರಿಂದ ಯಾವುದಕ್ಕೂ ಉಪಯೋಗವಿಲ್ಲ. ಆರು ಕಾರಣಗಳಲ್ಲಿ ಒಂದನ್ನು ಆರಿಸಲೇಬೇಕು: ಗೊತ್ತೇ ಇರಲಿಲ್ಲ; ಗೊತ್ತಿತ್ತು, ಆದರೆ ಹಾಲ್‌ನಲ್ಲಿ ನೆನಪಾಗಲಿಲ್ಲ; ಪ್ರಶ್ನೆ ತಪ್ಪಾಗಿ ಓದಿದೆ; ಲೆಕ್ಕದಲ್ಲಿ ಎಡವಟ್ಟಾಯಿತು; ಸ್ಟೆಪ್, ಚಿತ್ರ ಅಥವಾ ಯೂನಿಟ್ ಬಿಟ್ಟೆ; ಟೈಮ್ ಸಾಲಲಿಲ್ಲ.

ಒಂದು ಗಣಿತ ಪತ್ರಿಕೆ ಇಟ್ಟುಕೊಳ್ಳೋಣ. ಐದು ಮಾಡ್ಯೂಲ್ (ಸಿಲಬಸ್‌ನ ಭಾಗಗಳು), ತಲಾ 20 ಅಂಕ, ಒಟ್ಟು 100ಕ್ಕೆ 29 ಬಂದಿದೆ. ಮೊದಲ ಮಾಡ್ಯೂಲ್‌ನಲ್ಲಿ 14, ಹೋದ 6 ಅಂಕ ಪ್ಲಸ್-ಮೈನಸ್ ಎಡವಟ್ಟು. ಎರಡನೆಯದರಲ್ಲಿ 9, ಹೋದ 11ರಲ್ಲಿ 7 ಅಂಕದ ಸೂತ್ರ ಅರ್ಧಕ್ಕೆ ಮರೆತುಹೋಯಿತು, ಸ್ಟೆಪ್ ಹಾರಿಸಿದ್ದಕ್ಕೆ 4 ಹೋಯಿತು. ಮೂರನೆಯದರಲ್ಲಿ 6, ಹೋದ 14ರಲ್ಲಿ 4 ಪ್ರಶ್ನೆ ತಪ್ಪಾಗಿ ಓದಿದ್ದು, 10 ನಿಜಕ್ಕೂ ಗೊತ್ತಿಲ್ಲದ್ದು. ನಾಲ್ಕನೆಯ ಮಾಡ್ಯೂಲ್ ಓದೇ ಇರಲಿಲ್ಲ, 20 ಹೋಯಿತು. ಐದನೆಯದು ಬರುತ್ತಿತ್ತು, ಟೈಮ್ ಇರಲಿಲ್ಲ, ಅದೂ 20.

ಈಗ ಕೂಡಿ ನೋಡಿ. ಹೋದ 71ರಲ್ಲಿ ಗೊತ್ತಿಲ್ಲದೆ ಹೋದದ್ದು 30. ಉಳಿದ 41 ಅಂಕ ಗೊತ್ತಿದ್ದೇ ಹೋದದ್ದು. ಪಾಸಾಗಲು ನೂರಕ್ಕೆ 35 ಬಂದಿದ್ದರೆ ಎಕ್ಸ್‌ಟರ್ನಲ್‌ನಲ್ಲಿ 18 ಆಗುತ್ತಿತ್ತು, ಅಂದರೆ ಬೇಕಿದ್ದದ್ದು ಇನ್ನು 6 ಅಂಕ. ಕೊನೆಯ ಮಾಡ್ಯೂಲ್‌ಗೆ ಕಾಲು ಗಂಟೆ ಉಳಿಸಿಕೊಂಡಿದ್ದರೆ ಸಾಕಿತ್ತು. ಈ ವಿದ್ಯಾರ್ಥಿ "ನನಗೆ ಮ್ಯಾಥ್ಸ್ ಬರಲ್ಲ" ಎಂದುಕೊಂಡು ಹೊಸ ಟ್ಯೂಷನ್ ಸೇರುತ್ತಾನೆ, ಮತ್ತೆ ಮೊದಲ ಮಾಡ್ಯೂಲ್‌ನಿಂದ ಹೇಳಿಸಿಕೊಳ್ಳುತ್ತಾನೆ, ಮತ್ತೆ ಕೊನೆಯ ಮಾಡ್ಯೂಲ್ ಹೊತ್ತಿಗೆ ಬೆಲ್ ಹೊಡೆಯುತ್ತದೆ. ಒಂದೇ ಸಬ್ಜೆಕ್ಟಿಗೆ ಮೂರು ಮೂರು ಸಲ ಲಗಾಟ ಹೊಡೆಯುವವರ ಕಥೆ ಸಾಮಾನ್ಯವಾಗಿ ಹೀಗೇ. ಸೋಮಾರಿತನಕ್ಕಿಂತ ತಪ್ಪು ಜಾಗದಲ್ಲಿ ಬೆವರು ಸುರಿಸಿದ್ದೇ ಹೆಚ್ಚು.

ಪ್ರತಿ ಸಿಗದಿದ್ದರೆ ಪ್ರಶ್ನೆ ಪತ್ರಿಕೆಯನ್ನು ಮುಂದಿಟ್ಟುಕೊಂಡು ಏನೇನು ಬರೆದಿದ್ದಿರಿ ಎಂದು ನೆನಪಿನಿಂದ ಗುರುತು ಹಾಕಿ. ಇಂಟರ್ನಲ್ಸ್‌ನ ಬ್ಲೂ ಬುಕ್‌ಗಳೂ (ಉತ್ತರ ಪುಸ್ತಿಕೆಗಳು) ಇದಕ್ಕೆ ಆಗುತ್ತವೆ. ಮುಂದಿನ ಸಲದಿಂದ ಪರೀಕ್ಷೆ ಬರೆದ ಸಂಜೆಯೇ ಪ್ರಶ್ನೆ ಪತ್ರಿಕೆಯ ಮೇಲೆ ಪೆನ್ಸಿಲ್‌ನಲ್ಲಿ ನಿಮ್ಮ ಅಂದಾಜು ಅಂಕ ಬರೆದಿಡಿ. ರಿಸಲ್ಟ್ ಬಂದಾಗ ಅಂದಾಜಿಗೂ ಅಂಕಕ್ಕೂ ಇರುವ ಅಂತರವೇ ಒಂದು ಪಾಠ. ಸದಾ 20 ಅಂಕ ಹೆಚ್ಚು ಅಂದಾಜು ಮಾಡುವವರಿಗೆ ತಮಗೆ ಏನು ಬರುತ್ತದೆ ಎಂಬುದೇ ಸರಿಯಾಗಿ ಗೊತ್ತಿಲ್ಲ ಎಂದರ್ಥ.

ನಾನು ನಿಜವಾಗಿಯೂ ಓದಿದ್ದೆ. ನೋಟ್ಸ್ ಮೂರು ಸಲ ಮುಗಿಸಿದ್ದೆ. ಆದರೂ ಯಾಕೆ ಹೀಗೆ?

ಮೂರು ಸಲ ಓದಿದ್ದೇ ಕಾರಣವಿರಬಹುದು. ಎರಡನೇ ಸಲ ಓದುವಾಗ ಸಾಲುಗಳು ಪರಿಚಿತ ಅನ್ನಿಸುತ್ತವೆ, ಪರಿಚಯವನ್ನೇ ನಾವು ಬರುತ್ತದೆ ಎಂದು ತಿಳಿಯುತ್ತೇವೆ. ಬೀದಿಯಲ್ಲಿ ದಿನಾ ನೋಡುವ ಮುಖದ ಹೆಸರು ಕೇಳಿದರೆ ತಡಬಡಿಸುವುದಿಲ್ಲವೇ, ಹಾಗೆ.

ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಇದನ್ನು ಅಳೆದರು. ಒಂದು ಗುಂಪು ಒಂದು ಪಾಠವನ್ನು ಎರಡು ಸಲ ಓದಿತು. ಇನ್ನೊಂದು ಗುಂಪು ಒಂದು ಸಲ ಓದಿ, ಎರಡನೇ ಸಲಕ್ಕೆ ಬದಲಾಗಿ ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಓದಿದವರಿಗೆ 81%, ಬರೆದವರಿಗೆ 75% ನೆನಪಿತ್ತು. ಒಂದು ವಾರದ ನಂತರ ಓದಿದವರು 42%ಕ್ಕೆ ಇಳಿದರು, ಬರೆದವರು 56%ರಲ್ಲಿ ನಿಂತರು. ಹಿಂದಿನ ರಾತ್ರಿ ಓದಿ ಬೆಳಿಗ್ಗೆ ಬರೆಯುವ ಇಂಟರ್ನಲ್ಸ್‌ನಲ್ಲಿ ಅಂಕ ಬಂದು, ಐದು ಮಾಡ್ಯೂಲ್‌ನ ಎಕ್ಸ್‌ಟರ್ನಲ್‌ನಲ್ಲಿ ಕೈಕೊಡುವುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ಬೇಕಿಲ್ಲ. 2013ರಲ್ಲಿ ಮನಶ್ಶಾಸ್ತ್ರಜ್ಞ ಡನ್ಲಾಸ್ಕಿ ಮತ್ತು ಸಂಗಡಿಗರು ಓದುವ ಹತ್ತು ವಿಧಾನಗಳನ್ನು ತೂಗಿ ನೋಡಿದಾಗಲೂ ಹೈಲೈಟರ್ ಬಳಿಯುವುದು ಮತ್ತು ಮತ್ತೆ ಮತ್ತೆ ಓದುವುದು ಕೆಳಗೆ ಬಂದವು, ತನ್ನನ್ನೇ ಪರೀಕ್ಷಿಸಿಕೊಳ್ಳುವುದು ಮತ್ತು ದಿನಗಳ ಅಂತರ ಬಿಟ್ಟು ಓದುವುದು ಮೇಲಕ್ಕೆ ಬಂದವು.

ಮಾಡುವ ಕ್ರಮ ಸರಳ, ಹಿತವಲ್ಲ ಅಷ್ಟೇ. ಒಂದು ಟಾಪಿಕ್ 25 ನಿಮಿಷ ಓದಿ. ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ 15 ನಿಮಿಷ ಬರೆಯಿರಿ. ತೆರೆದು ನೋಡಿ, ಬಿಟ್ಟದ್ದನ್ನು ಕೆಂಪು ಪೆನ್ನಿನಲ್ಲಿ ತುಂಬಿ. ಮೂರು ದಿನ ಬಿಟ್ಟು ಕೆಂಪು ಭಾಗವನ್ನಷ್ಟೇ ಮತ್ತೆ ನೋಡದೆ ಬರೆಯಿರಿ. ಮೊದಲ ವಾರ ಹಾಳೆ ತುಂಬ ಕೆಂಪೇ ಇರುತ್ತದೆ. ಅಲ್ಲೇ ಬಹಳ ಜನ ಹೆದರಿ ಮತ್ತೆ ಹೈಲೈಟರ್‌ಗೆ ಮರಳುತ್ತಾರೆ.

ಯೂಟ್ಯೂಬ್ ವಿಡಿಯೊ ಬಗ್ಗೆಯೂ ಇದೇ ಮಾತು. ಬೇರೆಯವರು ಲೆಕ್ಕ ಬಿಡಿಸುವುದನ್ನು ಒಂದೂವರೆ ಪಟ್ಟು ವೇಗದಲ್ಲಿ ನೋಡಿದರೆ ಈಜುವುದನ್ನು ದಡದಲ್ಲಿ ಕೂತು ಕಲಿತಂತೆ. ಪ್ರಶ್ನೆ ಬಂದ ಕೂಡಲೇ ವಿಡಿಯೊ ನಿಲ್ಲಿಸಿ, ಹತ್ತು ನಿಮಿಷ ನೀವೇ ಒದ್ದಾಡಿ, ಆಮೇಲೆ ಮುಂದುವರಿಸಿ.

ಎಂ-3 (ಮೂರನೇ ಸೆಮ್‌ನ ಗಣಿತ) ಎರಡು ಸಲ ಹೋಯಿತು. ಎಷ್ಟು ಲೆಕ್ಕ ಮಾಡಿದರೂ ಹತ್ತುತ್ತಿಲ್ಲ.

ಎಂ-3 ಹೋದದ್ದು ಎಂ-3ರಲ್ಲಿ ಅಲ್ಲದಿರಬಹುದು. ಫೂರಿಯರ್ ಸರಣಿ ತೆಗೆದುಕೊಳ್ಳಿ. ಅದರ ಸೂತ್ರ ನಾಲ್ಕು ಸಾಲು. ಅದರೊಳಗೆ ಕೂತಿರುವ ಎಕ್ಸ್ ಸ್ಕ್ವೇರ್ ಇಂಟು ಕಾಸ್ ಎನ್‌ಎಕ್ಸ್ ಅನ್ನು ಇಂಟಿಗ್ರೇಟ್ ಮಾಡಲು ಬರ್ನೂಲಿ ನಿಯಮ ಬೇಕು. ಸೈನ್ ಎನ್‌ಪೈ ಸೊನ್ನೆ, ಕಾಸ್ ಎನ್‌ಪೈ ಎಂದರೆ ಮೈನಸ್ ಒಂದರ ಎನ್ ಘಾತ ಎಂಬುದು ಬೆರಳ ತುದಿಯಲ್ಲಿರಬೇಕು. ಸಮ-ಬೆಸ ಫಂಕ್ಷನ್ ಗುರುತಿಸಲು ಬರಬೇಕು. ಇನ್ವರ್ಸ್ ಲಾಪ್ಲಾಸ್‌ನಲ್ಲಿ ಸಿಕ್ಕಿಬೀಳುವವರಲ್ಲಿ ಅನೇಕರಿಗೆ ತೊಡಕಾಗುವುದು ಪಾರ್ಷಿಯಲ್ ಫ್ರ್ಯಾಕ್ಷನ್. ಇವೆಲ್ಲ ಪಿಯುಸಿ ಹಂತದವು. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬಂದವರಿಗೆ ಈ ಕೊಂಡಿ ಇನ್ನೂ ಸಡಿಲ.

ಪರೀಕ್ಷೆ ಮಾಡಿ ನೋಡಿ. ಪಿಯುಸಿ ಪುಸ್ತಕದಿಂದ 10 ಇಂಟಿಗ್ರೇಶನ್ ಲೆಕ್ಕ ಆರಿಸಿ: ನಾಲ್ಕು ಬೈ ಪಾರ್ಟ್ಸ್, ನಾಲ್ಕು ಪಾರ್ಷಿಯಲ್ ಫ್ರ್ಯಾಕ್ಷನ್, ಎರಡು ತ್ರಿಕೋನಮಿತಿ. 40 ನಿಮಿಷ ಕೊಡಿ. ಏಳಕ್ಕಿಂತ ಕಡಿಮೆ ಬಂದರೆ ಎಂ-3 ಪುಸ್ತಕವನ್ನು ಎರಡು ವಾರ ಬದಿಗಿಟ್ಟು ದಿನಕ್ಕೆ ಒಂದು ಗಂಟೆ ಇದನ್ನೇ ಮಾಡಿ. ಎರಡನೇ ವರ್ಷದವರು ಪಿಯುಸಿ ಪುಸ್ತಕ ಹಿಡಿದು ಲೈಬ್ರರಿಯಲ್ಲಿ ಕೂರಲು ನಾಚಿಕೊಳ್ಳುತ್ತಾರೆ. ಆ ನಾಚಿಕೆಗೆ ಒಂದೊಂದು ಸೆಮಿಸ್ಟರ್ ಬೆಲೆ ಕೊಟ್ಟವರಿದ್ದಾರೆ.

ಬೇರೆ ವಿಷಯಗಳಲ್ಲೂ ಹೀಗೆ ಕೆಳಗಿನ ಮೆಟ್ಟಿಲು ಇರುತ್ತದೆ. ಡೇಟಾ ಸ್ಟ್ರಕ್ಚರ್‌ನಲ್ಲಿ ಲಿಂಕ್ಡ್ ಲಿಸ್ಟ್ ಹತ್ತದವರಿಗೆ ಸಿ ಭಾಷೆಯ ಪಾಯಿಂಟರ್ ಬಂದಿರುವುದಿಲ್ಲ. ಬಿಕಾಂನ ಕಂಪನಿ ಅಕೌಂಟ್ಸ್ ಕಷ್ಟವೆನ್ನುವವರನ್ನು ಜರ್ನಲ್ ಎಂಟ್ರಿಯಲ್ಲಿ ಡೆಬಿಟ್ ಯಾವುದು, ಕ್ರೆಡಿಟ್ ಯಾವುದು ಎಂದು ಕೇಳಿ ನೋಡಿ.

ಈ ಸೆಮ್ ಪಾಠದ ಜೊತೆ ಹಳೆಯ ಬ್ಯಾಕ್ ಓದುವುದು ಹೇಗೆ?

ಸ್ಟಡಿ ಹಾಲಿಡೇಸ್‌ಗೆ ಬಿಟ್ಟರೆ ಆಗುವುದಿಲ್ಲ. ಆ ದಿನಗಳು ಈ ಸೆಮ್‌ಗೇ ಸಾಲುವುದಿಲ್ಲ, ಜೊತೆಗೆ ಬ್ಯಾಕ್ ಪರೀಕ್ಷೆ ರೆಗ್ಯುಲರ್ ಪರೀಕ್ಷೆಯ ಹಿಂದಿನ ದಿನವೋ ಮರುದಿನವೋ ಬಂದು ಕೂರುತ್ತದೆ. ಸೆಮ್ ಶುರುವಾದ ಎರಡನೇ ವಾರದಿಂದ ಪ್ರತಿ ಬ್ಯಾಕ್‌ಗೆ ವಾರಕ್ಕೆ ನಾಲ್ಕು ಗಂಟೆ ಇಡಿ, ಒಂದೊಂದು ಗಂಟೆಯ ನಾಲ್ಕು ತುಂಡುಗಳಾಗಿ, ಬೇರೆ ಬೇರೆ ದಿನ. ಹದಿಮೂರು ವಾರಕ್ಕೆ 52 ಗಂಟೆ ಆಗುತ್ತದೆ. ಒಮ್ಮೆ ಓದಿರುವ ಸಬ್ಜೆಕ್ಟಿಗೆ ಅಷ್ಟು ಸಾಕಾಗುವುದೇ ಹೆಚ್ಚು.

ಒಂದು ಟಾಪಿಕ್‌ಗೆ ಮರಳುವ ಅಂತರ ಎಷ್ಟಿರಬೇಕು? ಮನಶ್ಶಾಸ್ತ್ರಜ್ಞ ಸೆಪೆಡಾ ಮತ್ತು ಸಂಗಡಿಗರು 2008ರಲ್ಲಿ ಮಾಡಿದ ಅಧ್ಯಯನದ ಪ್ರಕಾರ, ಒಂದು ವಾರ ನೆನಪಿರಬೇಕಾದರೆ ಅದರ ಸುಮಾರು 20ರಿಂದ 40 ಶೇಕಡಾ ಅಂತರ ಒಳ್ಳೆಯದು, ಒಂದು ವರ್ಷಕ್ಕಾದರೆ 5ರಿಂದ 10 ಶೇಕಡಾ. ಪರೀಕ್ಷೆಗೆ 100 ದಿನ ಇದ್ದರೆ ಈಗ ಓದಿದ್ದನ್ನು ಎರಡು ವಾರದ ಆಸುಪಾಸಿನಲ್ಲಿ ಮತ್ತೆ ಮುಟ್ಟಿ. ಪರೀಕ್ಷೆ ಹತ್ತಿರವಾದಂತೆ ಅಂತರ ತಾನಾಗಿ ಚಿಕ್ಕದಾಗುತ್ತದೆ.

ನಾಲ್ಕೈದು ಬ್ಯಾಕ್ ಇದ್ದರೆ ಎಲ್ಲವನ್ನೂ ಒಟ್ಟಿಗೆ ತಬ್ಬಿಕೊಳ್ಳಬೇಡಿ. ಮುಂದಿನ ವರ್ಷಕ್ಕೆ ಹೋಗಲು ಯಾವುದು ಅಡ್ಡ ನಿಂತಿದೆಯೋ ಅದು ಮೊದಲು. ಆಮೇಲೆ ಈ ಸೆಮ್‌ನ ಪಾಠಕ್ಕೆ ಬುನಾದಿಯಾದದ್ದು; ಅದನ್ನು ಓದಿದರೆ ಎರಡು ಕಡೆ ಲಾಭ. ಮೂರನೆಯದು, ನಾಲ್ಕೈದು ಅಂಕದಲ್ಲಿ ಹೋದದ್ದು. ಉಳಿದವಕ್ಕೂ ಹೆಸರು ಕಟ್ಟಿ, ನಿರೀಕ್ಷೆ ಕಡಿಮೆ ಇಡಿ. ಹಳೆಯ ಬ್ಯಾಕ್ ತೀರಿಸುವ ಭರದಲ್ಲಿ ಈ ಸೆಮ್‌ನಲ್ಲಿ ಎರಡು ಹೊಸದು ಬಿದ್ದರೆ, ಕೈಸಾಲ ತೀರಿಸಲು ಮೀಟರ್ ಬಡ್ಡಿಗೆ ಸಾಲ ತಂದ ಹಾಗಾಯಿತು.

ಮೂರು ಮಾಡ್ಯೂಲ್ ಗಟ್ಟಿ ಮಾಡಿಕೊಂಡರೆ ಪಾಸಾಗಬಹುದಲ್ಲವೇ?

ಲೆಕ್ಕ ಹಾಕಿ ನೋಡೋಣ. ಪ್ರತಿ ಮಾಡ್ಯೂಲ್‌ನಿಂದ ಎರಡು ಪ್ರಶ್ನೆ, ಒಂದನ್ನು ಬರೆಯಬೇಕು, 20 ಅಂಕ. ಮೂರು ಮಾಡ್ಯೂಲ್ ಎಂದರೆ 60ಕ್ಕೆ. ಗಟ್ಟಿ ಓದಿದವರಿಗೂ ಸಿಗುವುದು 60%ರ ಹತ್ತಿರ ಎಂದುಕೊಂಡರೆ 36. ಪಾಸ್ ಗೆರೆ 35. ಒಂದು ಅಂಕದ ಅಂತರದಲ್ಲಿ ನಡೆಯುವುದು ಹಗ್ಗದ ಮೇಲಿನ ನಡಿಗೆ. ಇಂಟರ್ನಲ್ಸ್‌ನಲ್ಲಿ ಬರೀ 20 ಬಂದಿದ್ದರೆ ಪತ್ರಿಕೆಯಲ್ಲಿ 40 ಬೇಕು, ಆಗ ಈ ಯೋಜನೆ ಮೊದಲೇ ಮುರಿದುಬಿದ್ದಿದೆ. ನಾಲ್ಕು ಮಾಡ್ಯೂಲ್‌ನಲ್ಲಿ 60% ಎಂದರೆ 48, ಉಸಿರಾಡಲು ಜಾಗ ಸಿಗುತ್ತದೆ. ನಾಲ್ಕನ್ನು ಓದಿ, ಐದನೆಯದರಲ್ಲಿ ಡೆಫಿನಿಷನ್, ಚಿತ್ರ, ಸೂತ್ರ ಇಷ್ಟಾದರೂ ನೋಡಿ. ಖಾಲಿ ಬಿಟ್ಟರೆ ಸೊನ್ನೆ, ಇಷ್ಟಕ್ಕೆ ನಾಲ್ಕೈದು ಅಂಕವಾದರೂ ಬೀಳುತ್ತದೆ.

"ಪಾಸಿಂಗ್ ಪ್ಯಾಕೇಜ್" ಎಂದು ಮಾರುವ ಇಪ್ಪತ್ತು ಪ್ರಶ್ನೆಗಳ ಪಿಡಿಎಫ್ ತೀರಾ ಕೆಟ್ಟದ್ದೇನಲ್ಲ. ಅದನ್ನು ಕೊನೆಯ ವಾರದ ಪರೀಕ್ಷೆಯಾಗಿ ಬಳಸಿ. ಅದೇ ಸಿಲಬಸ್ ಎಂದುಕೊಂಡರೆ ಕೆಟ್ಟಿತು.

ಟೈಮ್ ಸಾಲುವುದೇ ಇಲ್ಲ.

ಮೂರು ಗಂಟೆ ಎಂದರೆ 180 ನಿಮಿಷ. ಪ್ರಶ್ನೆಗೆ 33 ನಿಮಿಷದಂತೆ ಐದಕ್ಕೆ 165. ಪ್ರಶ್ನೆ ಆರಿಸಲು 8, ಕೊನೆಗೆ ನಂಬರ್ ಮತ್ತು ಯೂನಿಟ್ ನೋಡಲು 7. ಪ್ರಶ್ನೆ ಪತ್ರಿಕೆ ಕೈಗೆ ಬಂದ ಮೇಲೆ ಮೊದಲ ಕೆಲಸವೆಂದರೆ ಪ್ರಶ್ನೆ ಪತ್ರಿಕೆಯ ಅಂಚಿನಲ್ಲಿ ಯಾವ ಪ್ರಶ್ನೆ ಎಷ್ಟು ಗಂಟೆಗೆ ಮುಗಿಯಬೇಕು ಎಂದು ಬರೆಯುವುದು. ಅಂಚಿನಲ್ಲಿ ಬರೆಯಬಾರದೆಂಬ ನಿಯಮವಿದೆಯೇ ಎಂದು ಹಾಲ್‌ನಲ್ಲಿ ಕೇಳಿ, ಇದ್ದರೆ ತಲೆಯಲ್ಲಿಟ್ಟುಕೊಳ್ಳಿ. ಸಮಯ ಮೀರಿತೋ, ಅರ್ಧ ಪುಟ ಜಾಗ ಬಿಟ್ಟು ಮುಂದಕ್ಕೆ. ಮೊದಲ ಪ್ರಶ್ನೆಯ ಕೊನೆಯ ಎರಡು ಅಂಕಕ್ಕಾಗಿ ಕಾಲು ಗಂಟೆ ಗುದ್ದಾಡುವವರು ಕೊನೆಯ ಪ್ರಶ್ನೆಯ ಮೊದಲ ಎಂಟು ಅಂಕ ಕಳೆದುಕೊಳ್ಳುತ್ತಾರೆ. ಯಾವ ಉತ್ತರದಲ್ಲೂ ಮೊದಲ ಅಂಕಗಳೇ ಸುಲಭದವು: ಸೂತ್ರ, ಚಿತ್ರ, ಕೊಟ್ಟಿರುವ ಬೆಲೆಗಳು.

ಒಂದೇ ಮಾಡ್ಯೂಲ್‌ನ ಎರಡೂ ಪ್ರಶ್ನೆಗಳಿಂದ ಅರ್ಧರ್ಧ ಬರೆದು 20 ಬರುತ್ತದೆ ಎಂದು ನಂಬಬೇಡಿ. ಒಂದು ಪೂರ್ಣ ಪ್ರಶ್ನೆ ಎಂದರೆ ಒಂದೇ ಸಂಖ್ಯೆಯ ಎ, ಬಿ, ಸಿ.

ಪಿಯುಸಿವರೆಗೆ ಕನ್ನಡ ಮೀಡಿಯಂ. ವಿಷಯ ಅರ್ಥವಾಗುತ್ತದೆ, ಬರೆಯಲು ಇಂಗ್ಲಿಷ್ ಬರುವುದಿಲ್ಲ.

ಇದನ್ನು ದಡ್ಡತನವೆಂದು ಲೆಕ್ಕ ಹಾಕಬೇಡಿ, ಇದು ಅಳೆದು ಸರಿಪಡಿಸಬಹುದಾದ ಕೊರತೆ. ಪ್ರಶ್ನೆ ಪತ್ರಿಕೆಯಲ್ಲಿ ಆಜ್ಞೆ ಕೊಡುವ ಪದಗಳು ಹದಿನೈದೋ ಇಪ್ಪತ್ತೋ ಅಷ್ಟೇ. ಸ್ಟೇಟ್ ಎಂದರೆ ಹೇಳಿ ಬಿಡಿ, ಸಾಧಿಸಬೇಕಿಲ್ಲ. ಡಿರೈವ್ ಎಂದರೆ ಮೊದಲ ಸಾಲಿನಿಂದ ಸಾಧಿಸಿ. ಡಿಸ್ಟಿಂಗ್ವಿಶ್ ಎಂದರೆ ಎರಡು ಕಾಲಂ ಎಳೆದು ವ್ಯತ್ಯಾಸ ಬರೆಯಿರಿ. ವಿತ್ ಎ ನೀಟ್ ಸ್ಕೆಚ್ ಎಂದರೆ ಚಿತ್ರಕ್ಕೇ ಪ್ರತ್ಯೇಕ ಅಂಕವಿದೆ. ಜಸ್ಟಿಫೈ ಎಂದರೆ ಹೌದು ಅಥವಾ ಅಲ್ಲ ಎಂದು ಹೇಳಿ ಕಾರಣ ಕೊಡಿ. ಹಳೆಯ ಐದು ಪ್ರಶ್ನೆ ಪತ್ರಿಕೆಗಳಿಂದ ಈ ಪದಗಳನ್ನು ಆರಿಸಿ, ಎದುರಿಗೆ ಕನ್ನಡದಲ್ಲಿ ಏನು ಮಾಡಬೇಕೆಂದು ಬರೆದು ಗೋಡೆಗೆ ಅಂಟಿಸಿ.

ಅರ್ಥ ಮಾಡಿಕೊಳ್ಳುವುದು, ಗೆಳೆಯರೊಡನೆ ಚರ್ಚಿಸುವುದು ಕನ್ನಡದಲ್ಲೇ ಇರಲಿ. ಪಾರಿಭಾಷಿಕ ಪದಗಳನ್ನು ಮಾತ್ರ ಇಂಗ್ಲಿಷ್‌ನಲ್ಲೇ ಹಿಡಿಯಿರಿ. ಆಮೇಲೆ ದಿನಕ್ಕೆ ಒಂದು ಉತ್ತರ, ನೋಡದೆ, ಇಂಗ್ಲಿಷ್‌ನಲ್ಲಿ, ಎಂಟು ಹತ್ತು ಪದದ ಚಿಕ್ಕ ವಾಕ್ಯಗಳಲ್ಲಿ. ಇಡೀ ಉತ್ತರ ಉರು ಹೊಡೆದರೆ ಒಂದು ಪದ ಮರೆತಾಗ ಮುಂದಿನ ಪ್ಯಾರಾ ಪೂರ್ತಿ ಕುಸಿಯುತ್ತದೆ. ಬಿಎ, ಬಿಕಾಂನವರಿಗೆ ಅನೇಕ ವಿಷಯಗಳನ್ನು ಕನ್ನಡದಲ್ಲೇ ಬರೆಯುವ ಅವಕಾಶ ಇರುತ್ತದೆ. ಆಫೀಸಿನಲ್ಲಿ ಕೇಳಿ, ಮುಜುಗರಕ್ಕೆ ಅವಕಾಶ ಬಿಡಬೇಡಿ.

ಅಟೆಂಡೆನ್ಸ್ ಇಲ್ಲದೆ ಡಿಟೇನ್ ಆದೆ, ಪರೀಕ್ಷೆಗೆ ಕೂರಿಸಲಿಲ್ಲ. ಇದಕ್ಕೂ ಉತ್ತರ ಪತ್ರಿಕೆ ನೋಡಬೇಕೇ?

ಇಲ್ಲ, ಕ್ಯಾಲೆಂಡರ್ ನೋಡಬೇಕು. 85% ಹಾಜರಾತಿ ನಿಯಮ, ಸರಿಯಾದ ಕಾರಣವಿದ್ದರೆ 75%ವರೆಗೆ ರಿಯಾಯಿತಿ. 48 ತರಗತಿಯ ವಿಷಯದಲ್ಲಿ 7 ತಪ್ಪಿಸಬಹುದು, ರಿಯಾಯಿತಿ ಸಿಕ್ಕರೆ 12. ಯಾವ ವಾರದಿಂದ ತಪ್ಪಿತು, ಆ ವಾರ ಏನಾಯಿತು ಎಂದು ಗುರುತಿಸಿ. ಬೆಳಗಿನ ಬಸ್ಸೇ, ಪಾರ್ಟ್ ಟೈಮ್ ಕೆಲಸವೇ, ಹುಷಾರಿಲ್ಲದ್ದೇ, ಹಾಸ್ಟೆಲ್‌ನ ರಾತ್ರಿ ಎರಡರ ಹರಟೆಯೇ? ಡಾಕ್ಟರ ಸರ್ಟಿಫಿಕೇಟನ್ನು ಜ್ವರ ಬಂದ ವಾರವೇ ಕೊಡಿ. ಸೆಮ್ ಕೊನೆಗೆ ತಂದ ಸರ್ಟಿಫಿಕೇಟನ್ನು ಎಲ್ಲರೂ ಅನುಮಾನದಿಂದಲೇ ನೋಡುತ್ತಾರೆ.

ಇಯರ್ ಬ್ಯಾಕ್ ಆಯಿತು, ಮುಂದಿನ ವರ್ಷಕ್ಕೆ ಬಿಡಲಿಲ್ಲ. ವರ್ಷವೆಲ್ಲ ಮನೆಯಲ್ಲಿ ಕೂರಬೇಕೇ?

ಮನೆಯಲ್ಲಿ ಕೂತರೆ ಆರು ತಿಂಗಳು ಮಂಜಿನಂತೆ ಕರಗುತ್ತದೆ. ಕಾಲೇಜಿನಲ್ಲಿ ಲೈಬ್ರರಿ ಬಳಸಲು, ಬ್ಯಾಕ್ ಇರುವ ವಿಷಯದ ಜೂನಿಯರ್ ತರಗತಿಯಲ್ಲಿ ಕೂರಲು ವಿಭಾಗದ ಮುಖ್ಯಸ್ಥರಿಗೆ (ಎಚ್‌ಒಡಿ) ಪತ್ರ ಬರೆದು ಅನುಮತಿ ಕೇಳಿ. ಬೆಳಿಗ್ಗೆ ಮೂರು ಗಂಟೆ ಓದು, ಮಧ್ಯಾಹ್ನ ಯಾವುದಾದರೂ ಕೆಲಸ ಅಥವಾ ಒಂದು ಕೌಶಲ, ಇಷ್ಟರ ಚೌಕಟ್ಟು ಸಾಕು.

ಕಾಗದಪತ್ರದ ಕಡೆ ಮೂರು ವಿಷಯ. ಶಿಕ್ಷಣ ಸಾಲ ಇದ್ದರೆ ಬ್ಯಾಂಕಿಗೆ ತಕ್ಷಣ ಲಿಖಿತವಾಗಿ ತಿಳಿಸಿ. ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಲ್ಲಿ ಕೋರ್ಸ್ ಮುಗಿಸಲು ಗರಿಷ್ಠ ಎರಡು ವರ್ಷ ಹೆಚ್ಚುವರಿ ಕೊಡಲು ಅವಕಾಶವಿದೆ, ಅದು ಕೇಳಿದವರಿಗೆ ಮಾತ್ರ. ಸ್ಕಾಲರ್‌ಶಿಪ್ ಮುಂದುವರಿಯುತ್ತದೆಯೇ ಎಂದು ಕಾಲೇಜಿನ ನೋಡಲ್ ಅಧಿಕಾರಿಯನ್ನು ಕೇಳಿ. ಮೂರನೆಯದು, ಬಹಳ ಜನ ಮರೆಯುವುದು, ಸ್ಕೀಮ್ ಬದಲಾವಣೆ. ರಾಜ್ಯದ ಡಿಗ್ರಿ ಕಾಲೇಜುಗಳಲ್ಲಿ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಬಂತು, 2024-25ರಲ್ಲಿ ಅದು ಹೋಗಿ ಮತ್ತೆ ಮೂರು ವರ್ಷದ ಪದವಿ ಬಂತು. ಹಳೆಯ ಸ್ಕೀಮ್‌ನ ಪತ್ರಿಕೆಗಳನ್ನು ಎಂದೆಂದಿಗೂ ನಡೆಸುತ್ತಿರುವುದಿಲ್ಲ. ನಿಮ್ಮ ಬ್ಯಾಕ್‌ಗೆ ಇನ್ನೆಷ್ಟು ಅವಕಾಶ ಉಳಿದಿದೆ, ಬದಲಿ ಪತ್ರಿಕೆ ಯಾವುದು ಎಂದು ಪರೀಕ್ಷಾ ವಿಭಾಗದಿಂದ ಲಿಖಿತವಾಗಿ ತಿಳಿದುಕೊಳ್ಳಿ. ವಿಟಿಯುನಲ್ಲಿ ಬಿಇ ಮುಗಿಸಲು ಸೇರಿದಾಗಿನಿಂದ ಒಟ್ಟು ಎಂಟು ವರ್ಷದ ಮಿತಿಯಿದೆ.

ಕೆಲಸ ಸಿಗುತ್ತದೆಯೇ?

ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ಮೊದಲು ಕೇಳುವುದು ಈಗ ಬಾಕಿ ಇರುವ ಬ್ಯಾಕ್ ಎಷ್ಟು ಎಂದು. ತೀರಿದ ಬ್ಯಾಕ್ ಬಗ್ಗೆ ಕೇಳುವವರು ಕಡಿಮೆ, ಇಲ್ಲವೇ ಇಲ್ಲ ಎಂದಲ್ಲ. ಸರಾಸರಿಗೆ ಆಗುವ ಪೆಟ್ಟನ್ನೂ ಲೆಕ್ಕ ಹಾಕಿ. ಕ್ರೆಡಿಟ್ ಎಂದರೆ ವಿಷಯದ ತೂಕ. 20 ಕ್ರೆಡಿಟ್‌ನ ಸೆಮ್‌ನಲ್ಲಿ 16 ಕ್ರೆಡಿಟ್‌ಗೆ 7 ಪಾಯಿಂಟ್, ಒಂದು 4 ಕ್ರೆಡಿಟ್ ವಿಷಯದಲ್ಲಿ ಎಫ್ (ಫೇಲ್, ಸೊನ್ನೆ ಪಾಯಿಂಟ್) ಬಂದರೆ 112 ಭಾಗಿಸು 20, ಅಂದರೆ 5.6. ಅದೇ ವಿಷಯವನ್ನು ಬರೀ ಪಿ ಗ್ರೇಡಿನಲ್ಲಿ (4 ಪಾಯಿಂಟ್) ಪಾಸ್ ಮಾಡಿದರೂ 128 ಭಾಗಿಸು 20, 6.4. ಸಿಜಿಪಿಎಯನ್ನು (ಎಲ್ಲ ಸೆಮ್‌ಗಳ ಒಟ್ಟು ಸರಾಸರಿ) ಶೇಕಡಾವಾರಿಗೆ ಬದಲಿಸುವ ಸೂತ್ರ ಯಾವುದೆಂದು ನಿಮ್ಮ ಸ್ಕೀಮಿನ ನಿಯಮದಲ್ಲಿ ನೋಡಿ. 

ಇಂಟರ್‌ವ್ಯೂನಲ್ಲಿ ಕೇಳಿದರೆ ಮೂರು ವಾಕ್ಯ ಸಾಕು: ಯಾವ ವಿಷಯ, ಯಾಕೆ ಹೋಯಿತು, ಏನು ಬದಲಿಸಿ ಎಷ್ಟು ತೆಗೆದೆ. ಪ್ರಶ್ನೆ ಪತ್ರಿಕೆ ಕಷ್ಟವಿತ್ತು, ವ್ಯಾಲ್ಯುಯೇಶನ್ ಸರಿ ಇರಲಿಲ್ಲ ಎಂದು ಶುರು ಮಾಡಿದರೆ ಎದುರಿಗೆ ಕೂತವರು ಪೆನ್ನು ಕೆಳಗಿಡುತ್ತಾರೆ.

ಮನೆಯಲ್ಲಿ ಹೇಗೆ ಹೇಳಲಿ?

ಬೇರೆಯವರ ಬಾಯಿಂದ ತಿಳಿಯುವ ಮೊದಲು ನೀವೇ ಹೇಳಿ. ರಿಸಲ್ಟ್ ಮುಚ್ಚಿಟ್ಟವರಿಗೆ ಮುಂದಿನ ಫೀಸ್ ಕಟ್ಟುವ ದಿನ ಎರಡು ಸುಳ್ಳು ಬೇಕಾಗುತ್ತದೆ. "ಅಪ್ಪ, ಆರು ಸಬ್ಜೆಕ್ಟಲ್ಲಿ ಎರಡು ಹೋಗಿದೆ. ಒಂದು ಆರು ಅಂಕದಲ್ಲಿ, ಒಂದು ಹದಿನೈದರಲ್ಲಿ. ಮುಂದಿನ ಪರೀಕ್ಷೆ ಜೊತೆ ಬರೀತೀನಿ, ವರ್ಷ ಹಾಳಾಗಲ್ಲ. ಪರೀಕ್ಷಾ ಫೀಸ್ ಇಷ್ಟಾಗುತ್ತೆ." ಸಂಖ್ಯೆ, ಪರಿಣಾಮ, ಖರ್ಚು. ಅವರಿಗೆ ಬೇಕಿರುವುದು ಈ ಮೂರೇ. ಬೈಗುಳ ಬರುತ್ತದೆ, ಬರಲಿ. ಅಪ್ಪನ ಎದುರು ಬಾಯಿ ಬರದಿದ್ದರೆ ಮೊದಲು ಅಕ್ಕನಿಗೋ ಸೋದರಮಾವನಿಗೋ ಹೇಳಿ ಜೊತೆಯಲ್ಲಿ ಕೂರಿಸಿಕೊಳ್ಳಿ.

ನಿದ್ದೆ ಹೋಗಿ ವಾರವಾಗಿದೆ, ಊಟ ಸೇರುತ್ತಿಲ್ಲ, ಬದುಕೇ ಬೇಡ ಎಂಬ ಯೋಚನೆ ಸುಳಿಯುತ್ತಿದೆ ಎಂದಾದರೆ ಓದಿನ ಮಾತೆಲ್ಲ ಆಮೇಲೆ. 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಗೆಳೆಯರಲ್ಲಿ ಯಾರಾದರೂ ಹೀಗೆ ಮಾತಾಡಿದರೆ ಒಂಟಿಯಾಗಿ ಬಿಡಬೇಡಿ. ನೀವೇ ಡಯಲ್ ಮಾಡಿ ಫೋನ್ ಕೊಡಿ.

ಚೀಟಿ ಒಯ್ದರೆ?

ಸಿಕ್ಕಿಬಿದ್ದರೆ ಆ ಒಂದು ಪತ್ರಿಕೆ ಮಾತ್ರವಲ್ಲ, ಆ ಸಲ ಬರೆದ ಉಳಿದ ಪತ್ರಿಕೆಗಳೂ ರದ್ದಾಗುವ ಅಪಾಯವಿದೆ. ಒಂದು ಬ್ಯಾಕ್ ತಪ್ಪಿಸಲು ಹೋಗಿ ಆರು.

ಕೋರ್ಸ್ ಬಿಟ್ಟುಬಿಡುವುದೇ ಮೇಲೇ?

ರಿಸಲ್ಟ್ ಬಂದ ತಿಂಗಳಲ್ಲಿ ಈ ತೀರ್ಮಾನ ಬೇಡ. ಮೇಲೆ ಹೇಳಿದ ನಾಲ್ಕು ಕಾಲಂ ಹಾಳೆಯನ್ನು ಫೇಲಾದ ಪ್ರತಿ ವಿಷಯಕ್ಕೂ ಮಾಡಿ, ಒಂದು ಸೆಮ್ ಪೂರ್ತಿ ವಿಧಾನ ಬದಲಿಸಿ ಓದಿ ನೋಡಿ. ಆಗಲೂ ಮುಖ್ಯ ವಿಷಯಗಳೇ ಹತ್ತದಿದ್ದರೆ, ಪಾಸಾದ ವಿಷಯಗಳಲ್ಲೂ ಕಿಂಚಿತ್ತೂ ಆಸಕ್ತಿ ಹುಟ್ಟದಿದ್ದರೆ, ಬದಲಾಯಿಸುವುದು ಸೋಲೇನಲ್ಲ. ಬಿಡುವ ಮುನ್ನ ಉಳಿದ ವರ್ಷಗಳ ಫೀಸ್ ಬಗ್ಗೆ ಸೇರುವಾಗ ಏನು ಸಹಿ ಹಾಕಿದ್ದೀರಿ ಎಂದು ಓದಿ, ಮೂಲ ದಾಖಲೆಗಳು ಯಾರ ಕೈಯಲ್ಲಿವೆ ನೋಡಿ, ಹೊಸ ಕೋರ್ಸಿನ ಪ್ರವೇಶದ ದಿನಾಂಕ ಖಚಿತಪಡಿಸಿಕೊಳ್ಳಿ. ದುಡಿಯುತ್ತಲೇ ಪದವಿ ಮುಗಿಸಬೇಕೆನ್ನುವವರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಇದೆ.

ಈ ಸಲ ತಯಾರಾಗಿದ್ದೇನೆ ಎಂದು ಹೇಗೆ ಗೊತ್ತಾಗುತ್ತದೆ?

ಮುಟ್ಟದ ಮೂರು ಹಳೆಯ ಪ್ರಶ್ನೆ ಪತ್ರಿಕೆಗಳನ್ನು ಸೆಮ್ ಶುರುವಿನಲ್ಲೇ ಗೆಳೆಯರ ಕೈಗೆ ಕೊಟ್ಟಿಡಿ. ಪರೀಕ್ಷೆಗೆ ಮೂರು ವಾರ ಇರುವಾಗ ಒಂದನ್ನು ತೆಗೆದು, ಫೋನ್ ಬೇರೆ ಕೋಣೆಯಲ್ಲಿಟ್ಟು, ಮೂರು ಗಂಟೆ ಬರೆಯಿರಿ. ತಿದ್ದುವುದನ್ನು ಅದೇ ವಿಷಯ ಪಾಸಾದವರಿಂದ ಮಾಡಿಸಿ. ನಮ್ಮ ಉತ್ತರಕ್ಕೆ ನಾವು ಕೊಡುವ ಅಂಕ ಯಾವಾಗಲೂ ಧಾರಾಳ. ಮನೆಯಲ್ಲಿ 50 ಬಂದರೆ ಹಾಲ್‌ನಲ್ಲಿ 40 ಎಂದು ಹಿಡಿಯಿರಿ. ಅಷ್ಟು ಬರದಿದ್ದರೆ ಮತ್ತೆ ನಾಲ್ಕು ಕಾಲಂ ಎಳೆದು, ಹೆಚ್ಚು ಅಂಕ ತಿಂದ ಒಂದೇ ಒಂದು ಕಾರಣದ ಮೇಲೆ ಹತ್ತು ದಿನ ಕೆಲಸ ಮಾಡಿ, ಎರಡನೇ ಪತ್ರಿಕೆ ಬರೆಯಿರಿ. ಮೂರನೆಯದು ಪರೀಕ್ಷೆಗೆ ನಾಲ್ಕು ದಿನ ಇರುವಾಗ, ಪರೀಕ್ಷೆ ಶುರುವಾಗುವ ಗಂಟೆಗೇ ಕೂತು.